ಗಾಜಿನ ತೊಟ್ಟಿಯಲ್ಲಿ ಕಡಲಿನ ಉಸಿರು

ಕಡಲಿನಿಂದ ದೂರವಾದ ಊರಿನಲ್ಲಿ ಉಪ್ಪುನೀರಿನ ಮೀನು ಸಾಕುವವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ನೀರನ್ನು ನಿಲ್ಲಗೊಡದಿರುವುದು. ಆ ಕೆಲಸವನ್ನು ಈಗ ಬೆರಳುದ್ದದ ಯಂತ್ರವೊಂದಕ್ಕೆ ಒಪ್ಪಿಸಬಹುದು. ಆದರೆ ಒಪ್ಪಿಸುವ ರೀತಿ ತಿಳಿದಿರಬೇಕು.

ಹಾವೇರಿ ಸೀಮೆಯ ನೆಲದ ಮೇಲೆ ಬಿದ್ದ ಮಳೆನೀರಿಗೆ ಒಂದು ವಿಚಿತ್ರವಾದ ಯೋಗವಿದೆ. ಪಡುವಣ ಕಡಲು ಸಹ್ಯಾದ್ರಿಯ ಆಚೆಗೇ ಇದ್ದರೂ ಆ ನೀರು ಅತ್ತ ತಿರುಗುವುದಿಲ್ಲ. ವರದೆಯನ್ನು ಸೇರಿ, ಗಳಗನಾಥದಲ್ಲಿ ತುಂಗಭದ್ರೆಯೊಡನೆ ಕೂಡಿ, ಮುಂದೆ ಕೃಷ್ಣೆಯಲ್ಲಿ ಬೆರೆತು, ನೂರಾರು ಮೈಲಿ ನಡೆದು ಮೂಡಣದ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಏಲಕ್ಕಿ ಹಾರದ ಹಾವೇರಿ, ಮೆಣಸಿನಕಾಯಿಯ ಬ್ಯಾಡಗಿ, ಬಿತ್ತನೆ ಬೀಜದ ರಾಣೆಬೆನ್ನೂರು, ಈ ಮೂರು ಊರುಗಳಿಗೂ ಕಡಲೆಂಬುದು ಘಟ್ಟದಾಚೆಯ ಸಂಗತಿ. ಉಪ್ಪಿನ ರೂಪದಲ್ಲಿ ಅಡಿಗೆಮನೆಗೆ ಬಂದಷ್ಟೇ ಅದರ ಪರಿಚಯ.

ಇಂಥ ಊರಿನ ಪಡಸಾಲೆಯಲ್ಲಿ ಕಡಲಿನ ಮೀನನ್ನು ಸಾಕಬಹುದೆಂದರೆ ಹಿಂದಿನವರು ನಗುತ್ತಿದ್ದರು. ಸಿಹಿನೀರಿನ ಬಣ್ಣದ ಮೀನುಗಳು ಪಟ್ಟಣದ ಮನೆಗಳಿಗೆ ಬಂದು ಬಹುಕಾಲವಾಯಿತು. ಅವುಗಳ ಪೋಷಣೆ ಮಕ್ಕಳಿಗೂ ಸಾಧ್ಯ. ಕಡಲಿನ ಮೀನಿನ ಮಾತು ಬೇರೆ. ಅದು ಹುಟ್ಟಿ ಬೆಳೆದ ನೀರು ಒಂದು ಕ್ಷಣವೂ ನಿಂತದ್ದಲ್ಲ. ಅಲೆ, ಸೆಳೆತ, ಉಬ್ಬರ, ಇಳಿತ, ಇವುಗಳ ನಡುವೆಯೇ ಅದರ ಬಾಳು. ಆ ಚಲನೆಯನ್ನು ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಉಂಟುಮಾಡುವುದು ಪಂಪಿನ ಕೆಲಸ. ಪಂಪು ಎಷ್ಟು ವೇಗದಲ್ಲಿ, ಯಾವಾಗ, ಹೇಗೆ ತಿರುಗಬೇಕೆಂಬುದನ್ನು ನಿರ್ಧರಿಸುವುದು ಅದರ ನಿಯಂತ್ರಕದ ಕೆಲಸ. ಈ ನಿಯಂತ್ರಕವನ್ನು ಬೆಸುಗೆ ಹಾಕಲು ಬಲ್ಲ ಕಾಲೇಜು ವಿದ್ಯಾರ್ಥಿಯೂ ಮನೆಯಲ್ಲಿಯೇ ತಯಾರಿಸಬಹುದಾದ ಕಾಲ ಬಂದಿದೆ.

ಮೊದಲ ಪಂಪು, ಸೇವಕಿಯ ತೋಳು

ಕಡಲಿನ ಜೀವಿಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವ ಹವ್ಯಾಸಕ್ಕೆ ಒಂದೂಮುಕ್ಕಾಲು ಶತಮಾನದ ವಯಸ್ಸಾಗಿದೆ. ೧೮೪೬ರಲ್ಲಿ ಆನಾ ಥಿನ್ ಎಂಬ ಇಂಗ್ಲೆಂಡಿನ ಮಹಿಳೆ ಟಾರ್ಕೀ ಎಂಬ ಕಡಲೂರಿನಿಂದ ಕೆಲವು ಹವಳದ ಜೀವಿಗಳನ್ನು ಜಾಡಿಯಲ್ಲಿಟ್ಟು ಲಂಡನ್ನಿಗೆ ಒಯ್ದಳು. ಕಡಲಿನ ನೀರನ್ನು ದಿನದಿನವೂ ತರಿಸುವಂತಿರಲಿಲ್ಲ; ಇದ್ದ ನೀರನ್ನೇ ಶುದ್ಧವಾಗಿಡಬೇಕಾಗಿತ್ತು. ಅದಕ್ಕೆ ಆಕೆ ಕಂಡುಕೊಂಡ ಉಪಾಯ ಸರಳವಾದದ್ದು. ಮನೆಯ ಸೇವಕಿ ದಿನವೂ ತೆರೆದ ಕಿಟಕಿಯ ಮುಂದೆ ನಿಂತು, ಅರ್ಧ ಮುಕ್ಕಾಲು ಗಂಟೆಯ ಕಾಲ, ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳು. ಬಿಸಿ ಕಾಫಿಯನ್ನು ಆರಿಸುವಂತೆ ನೀರನ್ನು ಗಾಳಿಗೆ ಒಡ್ಡುವ ಈ ಕ್ರಮದಿಂದ ಹವಳಗಳು ಬದುಕಿದವು. ಪಂಪು, ನಿಯಂತ್ರಕ, ಕಾಲಮಾಪಕ, ಮೂರೂ ಆ ಹೆಸರಿಲ್ಲದ ಸೇವಕಿಯೇ ಆಗಿದ್ದಳು.

೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞ ಈ ವಿಷಯವಾಗಿ ಪುಸ್ತಕವನ್ನೇ ಬರೆದ; ಗಾಜಿನ ತೊಟ್ಟಿಯ ಹುಚ್ಚು ಇಂಗ್ಲೆಂಡಿನ ಮನೆಮನೆಗೂ ಹರಡಿತು. ಭಾರತದಲ್ಲಿ ಮದ್ರಾಸಿನ ಮತ್ಸ್ಯಾಲಯ ೧೯೦೯ರಲ್ಲಿಯೂ ಮುಂಬಯಿಯ ತಾರಾಪೋರ್‌ವಾಲಾ ಮತ್ಸ್ಯಾಲಯ ೧೯೫೧ರಲ್ಲಿಯೂ ಆರಂಭವಾದವು. ಇವೆರಡೂ ಕಡಲ ದಂಡೆಯಲ್ಲಿಯೇ ತಲೆಯೆತ್ತಿದ್ದು ಆಕಸ್ಮಿಕವಲ್ಲ. ೧೯೮೩ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಸರ್ಕಾರಿ ಮತ್ಸ್ಯಾಲಯ ತೆರೆದ ಮೇಲೆ ಕನ್ನಡ ನಾಡಿನ ಒಳಭಾಗದ ಮಕ್ಕಳಿಗೂ ಗಾಜಿನಾಚೆ ಈಜುವ ಬಗೆಬಗೆಯ ಮೀನುಗಳನ್ನು ಕಾಣುವ ಭಾಗ್ಯ ಒದಗಿತು.

ಉಪ್ಪು ಬೆರೆತ ನೀರೆಲ್ಲ ಕಡಲಲ್ಲ

ಯಂತ್ರದ ಮಾತಿಗೆ ಮೊದಲು ನೀರಿನ ಮಾತು. ಕಡಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸರಾಸರಿ ೩೫ ಗ್ರಾಂ ಲವಣವಿರುತ್ತದೆ. ಹಾಗಾದರೆ ಅಡಿಗೆಮನೆಯ ಉಪ್ಪನ್ನು ಅಳೆದು ಕರಗಿಸಿದರೆ ಸಾಲದೇ ಎಂದು ಗೃಹಿಣಿಯರು ಕೇಳಬಹುದು. ಸಾಲದು. ಕಡಲಿನ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಅಂಶಗಳೇ ಬಹುಪಾಲಾದರೂ ಅವುಗಳೊಡನೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಗಂಧಕದ ಲವಣಗಳು ನಿಯತವಾದ ಪ್ರಮಾಣದಲ್ಲಿ ಬೆರೆತಿರುತ್ತವೆ. ೧೮೭೨ರಿಂದ ೧೮೭೬ರವರೆಗೆ ಲೋಕದ ಕಡಲುಗಳನ್ನು ಸುತ್ತಿದ 'ಚಾಲೆಂಜರ್' ಹಡಗು ತಂದ ೭೭ ಮಾದರಿಗಳನ್ನು ಪರೀಕ್ಷಿಸಿದ ವಿಲಿಯಂ ಡಿಟ್‌ಮಾರ್, ಎಲ್ಲಿಯ ಕಡಲಾದರೂ ಈ ಪ್ರಮಾಣ ಹೆಚ್ಚುಕಡಿಮೆ ಒಂದೇ ಎಂದು ೧೮೮೪ರಲ್ಲಿ ತೋರಿಸಿಕೊಟ್ಟ.

ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಕಡಲಿನ ನೀರನ್ನೇ ಬಿಸಿಲಿಗೆ ಬತ್ತಿಸಿ ಉಪ್ಪು ತೆಗೆಯುತ್ತಾರೆ. ಆ ಉಪ್ಪು ಕೂಡ ಇಲ್ಲಿ ಒದಗಲಾರದು. ಉಪ್ಪು ಹರಳುಗಟ್ಟುವಾಗ ಮೆಗ್ನೀಸಿಯಂ ಮೊದಲಾದವು ಕಹಿನೀರಿನಲ್ಲಿ ಉಳಿದುಹೋಗುತ್ತವೆ. ಹರಳಿನಲ್ಲಿ ಬರುವುದು ಬಹುಮಟ್ಟಿಗೆ ಬರಿಯ ಉಪ್ಪು. ಆದ್ದರಿಂದ ಮತ್ಸ್ಯಪಾಲಕರಿಗೆಂದೇ ಎಲ್ಲ ಲವಣಗಳನ್ನೂ ಸೇರಿಸಿ ಮಾರುವ ಮಿಶ್ರಣವನ್ನು ಕೊಳ್ಳಬೇಕು. ೧೨೦ ಸೆಂಟಿಮೀಟರ್ ಉದ್ದ, ೪೫ ಅಗಲ, ೫೦ ಆಳದ ನೀರಿರುವ ತೊಟ್ಟಿಯಲ್ಲಿ ೨೭೦ ಲೀಟರ್ ಹಿಡಿಯುತ್ತದೆ. ಅದಕ್ಕೆ ಒಂಬತ್ತೂವರೆ ಕಿಲೋ ಮಿಶ್ರಣವಾದರೂ ಬೇಕು. ಕೊಳವೆಬಾವಿಯ ಗಡಸು ನೀರು ಸಲ್ಲದು, ಆರ್.ಓ. ಯಂತ್ರದಲ್ಲಿ ಶೋಧಿಸಿದ ನೀರನ್ನೇ ಬಳಸಬೇಕು.

ಇನ್ನೊಂದು ಎಚ್ಚರಿಕೆ. ಮನೆಯಲ್ಲಿ ತಾಮ್ರದ ಹಂಡೆಯಿದೆಯೆಂದು ಅದರಲ್ಲಿ ಉಪ್ಪುನೀರು ಕಲಸಬಾರದು. ಹಿತ್ತಾಳೆಯ ನಲ್ಲಿ, ತಾಮ್ರದ ತಂತಿ ಆ ನೀರನ್ನು ಸೋಕಬಾರದು. ಮನುಷ್ಯನಿಗೆ ಮಂಗಳಕರವಾದ ತಾಮ್ರ ಸೀಗಡಿ, ಶಂಖದ ಹುಳು ಮೊದಲಾದ ಬೆನ್ನೆಲುಬಿಲ್ಲದ ಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ.

ನೀರನ್ನು ಚಲಿಸಬೇಕಾದ ಮುಖ್ಯ ಕಾರಣ ಪ್ರಾಣವಾಯು. ಉಷ್ಣತೆ ೨೫ ಡಿಗ್ರಿ ಇರುವಾಗ ಒಂದು ಲೀಟರ್ ಸಿಹಿನೀರು ೮ ಮಿಲಿಗ್ರಾಮಿಗೂ ತುಸು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಕಡಲಿನ ನೀರು ಹಿಡಿಯುವುದು ಅದಕ್ಕಿಂತ ಐದನೆಯ ಒಂದು ಪಾಲು ಕಡಿಮೆ. ನೀರು ಬಿಸಿಯಾದಷ್ಟೂ ಇದು ಇನ್ನೂ ಇಳಿಯುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹಾವೇರಿಯ ಮನೆಯೊಂದರ ತೊಟ್ಟಿ ೩೦ ಡಿಗ್ರಿ ತಲುಪಿದರೆ ಮೀನಿನ ಉಸಿರಿಗೆ ಅಂಚು ಬಹಳ ಕಿರಿದಾಗುತ್ತದೆ. ಮೇಲ್ಮೈ ಕದಡುತ್ತಿದ್ದರೆ ಗಾಳಿ ಬೆರೆಯುತ್ತದೆ. ನೀರು ಸ್ತಬ್ಧವಾದರೆ, ತೊಟ್ಟಿಯಲ್ಲಿ ಮೀನು ಎಷ್ಟಿದೆ ಎಂಬುದನ್ನವಲಂಬಿಸಿ, ಕೆಲವೇ ಗಂಟೆಗಳಲ್ಲಿ ಅಪಾಯ ಸಂಭವಿಸುತ್ತದೆ.

ಫ್ಯಾನಿನ ರೆಗ್ಯುಲೇಟರು ನಡೆಯದು

ವೇಗವನ್ನು ಹೆಚ್ಚಿಸಿ ತಗ್ಗಿಸುವುದೆಂದರೆ ಎಲ್ಲರಿಗೂ ನೆನಪಾಗುವುದು ಫ್ಯಾನಿನ ರೆಗ್ಯುಲೇಟರು. ಅದನ್ನೇ ತೊಟ್ಟಿಯ ಪಂಪಿಗೆ ಜೋಡಿಸುವ ಸಾಹಸ ಮಾಡುವವರು ಉಂಟು. ಅದು ಫಲಿಸುವುದಿಲ್ಲ. ಮಾಮೂಲಿ ಅಕ್ವೇರಿಯಂ ಪಂಪಿನ ಒಳಗಿರುವುದು ಅಯಸ್ಕಾಂತದ ತಿರುಗುಣಿ. ಅದು ಮನೆಯ ವಿದ್ಯುತ್ತಿನ ಲಯಕ್ಕೆ ಕಟ್ಟುಬಿದ್ದಿದೆ. ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತ ಮಾಡಿದರೆ ಎರಡು ಧ್ರುವದ ತಿರುಗುಣಿಯೂ ಸೆಕೆಂಡಿಗೆ ೫೦ ಸುತ್ತು, ಅಂದರೆ ನಿಮಿಷಕ್ಕೆ ೩,೦೦೦ ಸುತ್ತು ಹಾಕುತ್ತದೆ. ವೋಲ್ಟೇಜನ್ನು ತಗ್ಗಿಸಿದರೆ ವೇಗ ತಗ್ಗುವುದಿಲ್ಲ. ಒಂದು ಮಿತಿಯ ತನಕ ಹಾಗೆಯೇ ತಿರುಗಿ, ಆಮೇಲೆ ಲಯ ತಪ್ಪಿ ನಡುಗಿ, ನಿಂತು, ಬಿಸಿಯಾಗುತ್ತದೆ.

ಇದಕ್ಕೆ ಪರಿಹಾರ, ಇಪ್ಪತ್ತನಾಲ್ಕು ವೋಲ್ಟಿನ ನೇರ ವಿದ್ಯುತ್ತಿನಲ್ಲಿ ನಡೆಯುವ, ಕುಂಚವಿಲ್ಲದ ಮೋಟಾರಿನ ಪಂಪು. ಇದರಲ್ಲಿ ತಿರುಗುಣಿಯ ಲಯವನ್ನು ನಿರ್ಣಯಿಸುವುದು ಮನೆಯ ವಿದ್ಯುತ್ತಲ್ಲ, ಪಂಪಿನೊಡನೆ ಬರುವ ಚಾಲಕ ಮಂಡಲ. ಅದಕ್ಕೆ ಹೆಚ್ಚಾಗಿ ಒಂದು ಆಜ್ಞಾತಂತಿ ಇರುತ್ತದೆ. ಆ ತಂತಿಯಲ್ಲಿ ಸೊನ್ನೆಯಿಂದ ಹತ್ತು ವೋಲ್ಟಿನ ನಡುವೆ ಎಷ್ಟು ಕೊಟ್ಟರೆ ಅಷ್ಟಕ್ಕೆ ತಕ್ಕ ವೇಗ. ಕೊಳ್ಳುವಾಗ ಇಂಥ ತಂತಿಯಿರುವ ಪಂಪನ್ನೇ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಪ್ಪತ್ತನಾಲ್ಕು ವೋಲ್ಟಿನಲ್ಲಿ ಇನ್ನೂ ಒಂದು ಲಾಭವಿದೆ: ನೀರೊಳಗಿನ ತಂತಿಯ ಹೊದಿಕೆ ಒಡೆದರೂ ಕೈಯಿಟ್ಟವರ ಪ್ರಾಣಕ್ಕೆ ೨೩೦ ವೋಲ್ಟಿನಂಥ ಭಯವಿಲ್ಲ.

ಬೆರಳುದ್ದದ ಕಾರಕೂನ

ಆಜ್ಞೆ ಕೊಡುವಾತ ಮೈಕ್ರೋಕಂಟ್ರೋಲರ್, ಅಂದರೆ ಸೂಕ್ಷ್ಮ ನಿಯಂತ್ರಕ. ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ತಂತಿಗಳೊಡನೆ ವ್ಯವಹರಿಸುವ ಭಾಗ, ಎಲ್ಲವೂ ಒಂದೇ ಸಿಲಿಕಾನ್ ಚೂರಿನಲ್ಲಿ ಅಡಗಿರುವ ಪುಟ್ಟ ಗಣಕಯಂತ್ರವಿದು. ಬಟ್ಟೆ ಒಗೆಯುವ ಯಂತ್ರದಿಂದ ಮೊದಲ್ಗೊಂಡು ಮೋಟಾರು ವಾಹನದವರೆಗೆ ಎಲ್ಲೆಲ್ಲಿಯೂ ಇದು ಕುಳಿತಿದೆ. ೨೦೦೫ರಲ್ಲಿ ಇಟಲಿಯ ಇವ್ರೇಯಾ ಎಂಬ ಊರಿನ ವಿದ್ಯಾಸಂಸ್ಥೆಯಲ್ಲಿ ವಿದ್ಯಾರ್ಥಿಗಳಿಗಾಗಿ 'ಆರ್ಡುಯಿನೋ' ಎಂಬ ಅಗ್ಗದ ಹಲಗೆಯೊಂದು ರೂಪುಗೊಂಡ ಮೇಲೆ, ಇಂಜಿನಿಯರಲ್ಲದವರೂ ಇದನ್ನು ಪಳಗಿಸಬಹುದಾಯಿತು. ಆ ಹಲಗೆಯ 'ಊನೋ' ಎಂಬ ಮಾದರಿಯಲ್ಲಿರುವ ನಿಯಂತ್ರಕ ಸೆಕೆಂಡಿಗೆ ೧ ಕೋಟಿ ೬೦ ಲಕ್ಷ ಮಿಡಿತಗಳ ಗಡಿಯಾರವನ್ನು ಹೊಂದಿದೆ. ಅದರ ತಾತ್ಕಾಲಿಕ ನೆನಪು ಕೇವಲ ೨ ಕಿಲೋಬೈಟ್. ಪಂಪನ್ನು ಆಳಲು ಅಷ್ಟು ಧಾರಾಳವಾಗಿ ಸಾಕು.

ಈ ಕಾರಕೂನನಿಗೆ ಬರುವ ಭಾಷೆ ಎರಡೇ ಮಾತಿನದು: ಐದು ವೋಲ್ಟು, ಇಲ್ಲವೇ ಸೊನ್ನೆ. ನಡುವಿನ ವೋಲ್ಟೇಜನ್ನು ಅವನು ಹೇಗೆ ಕೊಟ್ಟಾನು? ಕುಂಬಾರನ ತಿಗರಿಯನ್ನು ನೋಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಕುಂಬಾರ ತಿಗರಿಯನ್ನು ಕೋಲಿನಿಂದ ಆಗಾಗ ತಿರುವುತ್ತಾನೆ. ಆದರೆ ತಿಗರಿ ಒಂದೇ ಸಮನಾಗಿ ತಿರುಗುತ್ತದೆ. ಹಾಗೆಯೇ ನಿಯಂತ್ರಕ ಸೆಕೆಂಡಿಗೆ ೪೯೦ ಸಲ ವಿದ್ಯುತ್ತನ್ನು ಕೊಟ್ಟು ನಿಲ್ಲಿಸುತ್ತದೆ. ಪ್ರತಿ ಸಲವೂ ಅರ್ಧ ಕಾಲ ಕೊಟ್ಟು ಅರ್ಧ ಕಾಲ ನಿಲ್ಲಿಸಿದರೆ ಸರಾಸರಿ ಎರಡೂವರೆ ವೋಲ್ಟು. ಕೊಡುವ ಕಾಲವನ್ನು ಸೊನ್ನೆಯಿಂದ ೨೫೫ರವರೆಗಿನ ಮೆಟ್ಟಿಲುಗಳಲ್ಲಿ ಏರಿಸಿ ಇಳಿಸಬಹುದು.

ಈ ಮಿಡಿತಗಳನ್ನು ೧೦ ಕಿಲೋಓಮಿನ ರೋಧಕ ಮತ್ತು ೧೦ ಮೈಕ್ರೋಫ್ಯಾರಡಿನ ಕೆಪ್ಯಾಸಿಟರಿನ ಮೂಲಕ ಹಾಯಿಸಿದರೆ ಏರುತಗ್ಗು ಅಳಿಸಿ ನುಣುಪಾದ ವೋಲ್ಟೇಜು ದೊರೆಯುತ್ತದೆ. ಅದನ್ನು ಎರಡರಷ್ಟು ಹಿಗ್ಗಿಸುವ ಸಣ್ಣದೊಂದು ವರ್ಧಕ ಮಂಡಲವಿಟ್ಟರೆ ಐದು ಹತ್ತಾಯಿತು. ಆಜ್ಞಾತಂತಿಗೆ ಬೇಕಾದದ್ದು ಸಿಕ್ಕಿತು. ವೇಗವನ್ನು ಬೇಕೆಂದಂತೆ ತಿರುವಲು ರೇಡಿಯೋದ ಧ್ವನಿ ತಿರುಗಿಸುವಂಥ ಒಂದು ಗುಂಡಿ, ಮೀನಿಗೆ ಮೇವು ಹಾಕುವಾಗ ಒತ್ತಲು ಇನ್ನೊಂದು ಗುಂಡಿ, ೨೪ ವೋಲ್ಟನ್ನು ೫ಕ್ಕೆ ಇಳಿಸುವ ಒಂದು ಘಟಕ, ಇಷ್ಟೇ ಇದರ ಸಾಮಗ್ರಿ.

ವೇಗ ಅರ್ಧ, ಖರ್ಚು ಎಂಟನೆಯ ಒಂದು

ಇಷ್ಟೆಲ್ಲ ಶ್ರಮಪಟ್ಟು ವೇಗವನ್ನು ನಿಯಂತ್ರಿಸುವುದೇಕೆ? ಪಂಪಿಗೆ ಸಂಬಂಧಿಸಿದ ಮೂರು ನಿಯಮಗಳಲ್ಲಿ ಇದಕ್ಕೆ ಉತ್ತರವಿದೆ. ವೇಗ ಅರ್ಧವಾದರೆ ಹರಿಯುವ ನೀರು ಅರ್ಧವಾಗುತ್ತದೆ. ಆದರೆ ನೀರನ್ನು ಎತ್ತುವ ಎತ್ತರ ಕಾಲುಭಾಗಕ್ಕೆ ಇಳಿಯುತ್ತದೆ; ಬಳಸುವ ವಿದ್ಯುಚ್ಛಕ್ತಿಯಂತೂ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ೪೦ ವ್ಯಾಟಿನ ಪಂಪನ್ನು ನೂರಕ್ಕೆ ೮೦ರ ವೇಗದಲ್ಲಿ ನಡೆಸಿದರೆ ಸುಮಾರು ೨೦ ವ್ಯಾಟು. ಅರ್ಧ ವೇಗದಲ್ಲಿ ನಡೆಸಿದರೆ ೫ ವ್ಯಾಟು. ಮಂಡಲಗಳ ಸ್ವಂತ ಖರ್ಚಿನಿಂದಾಗಿ ವಾಸ್ತವದ ಅಂಕೆ ಇದಕ್ಕಿಂತ ತುಸು ಹೆಚ್ಚಿದ್ದರೂ ಉಳಿತಾಯ ದೊಡ್ಡದೇ.

ಹಾವೇರಿ, ಬ್ಯಾಡಗಿಯ ರೈತರಿಗೆ ಈ ನಿಯಮ ಹೊಸದಲ್ಲ. ಸೌರಶಕ್ತಿಯ ಪಂಪನ್ನು ಹೊಲದಲ್ಲಿ ಇಟ್ಟವರು, ಬಿಸಿಲು ಏರಿದಂತೆ ಮೋಟಾರಿನ ವೇಗ ಏರುವುದನ್ನೂ ಮೋಡ ಕವಿದೊಡನೆ ತಗ್ಗುವುದನ್ನೂ ಕಂಡಿದ್ದಾರೆ. ಬಿಸಿಲು ತೀರ ಮಂಕಾದಾಗ ಮೋಟಾರು ತಿರುಗುತ್ತಿದ್ದರೂ ಕೊಳವೆಯ ಬಾಯಲ್ಲಿ ನೀರು ಕಾಣುವುದಿಲ್ಲ. ಎತ್ತುವ ಶಕ್ತಿ ವೇಗಕ್ಕಿಂತ ಬೇಗ ಕುಗ್ಗುವುದೇ ಅದರ ಕಾರಣ.

ತೊಟ್ಟಿಯಲ್ಲಿಯೂ ಇದೇ ಎಡವುಗಲ್ಲು. ಉಪ್ಪುನೀರಿನ ತೊಟ್ಟಿಗೆ ಸಾಮಾನ್ಯವಾಗಿ ಕೆಳಗೊಂದು ಶೋಧಕ ತೊಟ್ಟಿಯಿದ್ದು, ಅಲ್ಲಿಂದ ನೀರನ್ನು ಮೇಲೆತ್ತುವ ಪಂಪು ಒಂದು. ಮೇಲಿನ ತೊಟ್ಟಿಯೊಳಗೇ ಅಲೆಯೆಬ್ಬಿಸುವ ಪಂಪು ಇನ್ನೊಂದು. ಪೂರ್ಣ ವೇಗದಲ್ಲಿ ೩ ಮೀಟರ್ ಎತ್ತಬಲ್ಲ ಪಂಪು ೧.೨ ಮೀಟರ್ ಎತ್ತರಕ್ಕೆ ನೀರು ಮುಟ್ಟಿಸಬೇಕಾದರೆ ಅದರ ವೇಗ ನೂರಕ್ಕೆ ೬೩ಕ್ಕಿಂತ ಕೆಳಗೆ ಇಳಿಯಕೂಡದು. ಇಳಿದರೆ ಸದ್ದು ಬರುತ್ತದೆ, ನೀರು ಬರುವುದಿಲ್ಲ. ಯಜಮಾನ ಪಂಪು ನಡೆಯುತ್ತಿದೆಯೆಂದು ನಿಶ್ಚಿಂತನಾಗಿ ಮಲಗುತ್ತಾನೆ. ಮೇಲಿನ ನೀರು ಶೋಧಕವನ್ನು ಕಾಣದೆ ಕೆಡುತ್ತದೆ. ಆದ್ದರಿಂದ ಮೇಲೆತ್ತುವ ಪಂಪಿಗೆ ಕೆಳಮಿತಿಯೊಂದನ್ನು ಕ್ರಮವಿಧಿಯಲ್ಲಿಯೇ ಬರೆದಿಡಬೇಕು.

ಬೇಸಗೆಯ ದೃಷ್ಟಿಯಿಂದಲೂ ಹಿತಮಿತವಾದ ವೇಗ ಒಳ್ಳೆಯದು. ನೀರೊಳಗಿನ ಪಂಪು ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ನೀರನ್ನೇ ಸೇರುತ್ತದೆ. ೪೦ ವ್ಯಾಟಿನ ಪಂಪು ಒಂದು ದಿನದಲ್ಲಿ ಸುರಿಯುವ ಶಾಖ ಹೊರಕ್ಕೆ ಹೋಗದೆ ಉಳಿದರೆ, ೨೭೦ ಲೀಟರ್ ನೀರು ೩ ಡಿಗ್ರಿಯಷ್ಟು ಬಿಸಿಯಾದೀತು.

ಜೋಕಾಲಿಯ ಅಲೆ

ಕಡಲಿನ ಚಲನೆ ಕೊಳಾಯಿಯ ಧಾರೆಯಂತೆ ಒಂದೇ ದಿಕ್ಕಿನದಲ್ಲ. ಅತ್ತ ತೂಗಿ ಇತ್ತ ತೂಗುವುದೇ ಅದರ ಗುಣ. ತೊಟ್ಟಿಯ ಎರಡು ತುದಿಗಳಲ್ಲಿ ಎರಡು ಪಂಪುಗಳನ್ನಿಟ್ಟು, ಒಂದು ಏರುವಾಗ ಇನ್ನೊಂದು ಇಳಿಯುವಂತೆ ಮಾಡಿದರೆ ಈ ತೂಗಾಟ ಲಭಿಸುತ್ತದೆ. ಉಬ್ಬರವಿಳಿತದ ಅನುಕರಣೆ ಬೇಕೆಂದರೆ ಅದಕ್ಕೂ ಅವಕಾಶವಿದೆ. ಕಾರವಾರದ ಕಡಲು ಹನ್ನೆರಡೂವರೆ ಗಂಟೆಗೆ ತುಸು ಕಡಿಮೆ ಅವಧಿಗೊಮ್ಮೆ ಉಬ್ಬುತ್ತದೆ. ಅಷ್ಟೇ ಅವಧಿಯಲ್ಲಿ ವೇಗ ಮೆಲ್ಲಗೆ ಏರಿ ಇಳಿಯುವಂತೆ ನಿಯಂತ್ರಕಕ್ಕೆ ಕಲಿಸಬಹುದು.

ಆದರೆ ಉತ್ಸಾಹ ಮಿತಿಮೀರಬಾರದು. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಮಗುವಿನ ಕೈಯೂ ದೊಡ್ಡವರನ್ನು ತೂಗಬಲ್ಲುದು. ತೊಟ್ಟಿಯ ನೀರಿಗೂ ಅಂಥ ಸ್ವಂತ ಲಯವಿದೆ. ಮೇಲೆ ಹೇಳಿದ ಅಳತೆಯ ತೊಟ್ಟಿಯಲ್ಲಿ ನೀರು ಒಂದು ತುದಿಯಿಂದ ಇನ್ನೊಂದಕ್ಕೆ ತೂಗಿ ಮರಳಲು ಸುಮಾರು ೧.೩ ಸೆಕೆಂಡು ಬೇಕು. ಪಂಪಿನ ಮಿಡಿತ ಇದಕ್ಕೆ ಹೊಂದಿದರೆ ಸಣ್ಣ ಪಂಪೂ ಭಾರಿ ಅಲೆಯನ್ನು ಎಬ್ಬಿಸುತ್ತದೆ. ನೋಡಲು ಸೊಗಸು, ಆದರೆ ಕಾಲು ಟನ್ನಿಗೂ ಮಿಕ್ಕ ನೀರು ಗಾಜಿನ ಬೆಸುಗೆಯನ್ನು ಹಗಲಿರುಳೂ ಜಗ್ಗುತ್ತಿರುತ್ತದೆ. ಆ ಲಯವನ್ನು ಬಿಟ್ಟು, ಮೂರು ನಾಲ್ಕು ಸೆಕೆಂಡಿನ ನಿಧಾನವಾದ ಏರಿಳಿತವನ್ನು ಇಟ್ಟುಕೊಳ್ಳುವುದು ಜಾಣತನ.

ಮೇವು ಹಾಕುವಾಗ ಪಂಪನ್ನು ನಿಲ್ಲಿಸದಿದ್ದರೆ ಮೇವೆಲ್ಲ ಶೋಧಕಕ್ಕೆ ಕೊಚ್ಚಿಹೋಗುತ್ತದೆ. ಕೈಯಿಂದ ನಿಲ್ಲಿಸಿದವರು ಮತ್ತೆ ನಡೆಸಲು ಮರೆಯುವುದು ಮನುಷ್ಯಸಹಜ. ಬಾಗಿಲಲ್ಲಿ ಅತಿಥಿಗಳು ಬಂದರೆ, ಒಲೆಯ ಮೇಲೆ ಹಾಲು ಉಕ್ಕಿದರೆ, ಪಂಪಿನ ನೆನಪು ಯಾರಿಗಿರುತ್ತದೆ? ನಿಯಂತ್ರಕದ ಗುಂಡಿಯೊತ್ತಿದರೆ ಹತ್ತು ನಿಮಿಷ ನಿಲ್ಲಬೇಕು. ಅನಂತರ ಯಾರ ಅಪ್ಪಣೆಗೂ ಕಾಯದೆ ತಾನಾಗಿ ನಡೆಯಬೇಕು. ಇದೊಂದು ಸೌಕರ್ಯಕ್ಕಾಗಿಯೇ ಈ ಯಂತ್ರವನ್ನು ಮಾಡಿದರೂ ನಷ್ಟವಿಲ್ಲ.

ಯಂತ್ರ ಸತ್ತರೆ ಮೀನು ಸಾಯಬಾರದು

ಇಲ್ಲಿಯವರೆಗೆ ಹೇಳಿದ್ದು ಯಂತ್ರ ನಡೆಯುವ ಬಗೆ. ಅದು ಕೆಟ್ಟಾಗ ಏನಾಗಬೇಕೆಂಬ ವಿಚಾರ ಇದಕ್ಕಿಂತ ಮುಖ್ಯವಾದದ್ದು. ಮನೆಯಲ್ಲಿ ಮಾಡಿದ ನಿಯಂತ್ರಕಗಳು ಎಡವುವುದು ಇಲ್ಲಿಯೇ. ರೇಡಿಯೋ ಕೆಟ್ಟರೆ ಹಾಡು ನಿಲ್ಲುತ್ತದೆ, ಅಷ್ಟೇ. ಪಂಪಿನ ನಿಯಂತ್ರಕ ಮಧ್ಯರಾತ್ರಿ ಕೆಟ್ಟರೆ ಬೆಳಗಾಗುವಷ್ಟರಲ್ಲಿ ಮನೆಯ ಮಕ್ಕಳು ಹೆಸರಿಟ್ಟು ಸಾಕಿದ ಜೀವಗಳು ಹೋಗಿರುತ್ತವೆ.

ಮೊದಲನೆಯದಾಗಿ, ನಿಯಂತ್ರಕದೊಳಗೇ ಕಾವಲುಗಾರನೊಬ್ಬನಿದ್ದಾನೆ. ಕ್ರಮವಿಧಿ ಎಲ್ಲಿಯೋ ಸಿಕ್ಕಿಕೊಂಡು, ಗೊತ್ತುಮಾಡಿದ ಸಮಯದೊಳಗೆ 'ಎಚ್ಚರವಾಗಿದ್ದೇನೆ' ಎಂದು ಹೇಳದಿದ್ದರೆ, ಆತ ಎಲ್ಲವನ್ನೂ ಮೊದಲಿನಿಂದ ಆರಂಭಿಸುತ್ತಾನೆ. 'ವಾಚ್‌ಡಾಗ್' ಎಂಬ ಈ ಸೌಲಭ್ಯವನ್ನು ತಪ್ಪದೆ ಬಳಸಬೇಕು. ಹೊಸದಾಗಿ ಆರಂಭವಾದಾಗಲೆಲ್ಲ ಪಂಪು ನಡೆಯುವ ಸ್ಥಿತಿಯಲ್ಲಿಯೇ ಏಳಬೇಕು, ನಿಂತ ಸ್ಥಿತಿಯಲ್ಲಿ ಅಲ್ಲ.

ಎರಡನೆಯದಾಗಿ, ಕಾವಲುಗಾರನೂ ಸತ್ತರೆ? ಅದಕ್ಕೆ ಒಂದು ರಿಲೇ ಬೇಕು. ರಿಲೇಗೆ ವಿದ್ಯುತ್ತು ಇಲ್ಲದಾಗ ಪಂಪಿನ ಆಜ್ಞಾತಂತಿ ಆರೇಳು ವೋಲ್ಟಿನ ಸ್ಥಿರವಾದ ಮೂಲವೊಂದಕ್ಕೆ ಸೇರಿರಲಿ. ರಿಲೇ ಎಳೆದಾಗ ಮಾತ್ರ ಆ ತಂತಿ ನಿಯಂತ್ರಕದ ವಶವಾಗಲಿ. ರಿಲೇಯನ್ನು ಎಳೆದಿಡುವುದು ನಿಯಂತ್ರಕ ಎಡೆಬಿಡದೆ ಕಳುಹಿಸುವ ನಾಡಿಮಿಡಿತ. ಮಿಡಿತ ಕೆಪ್ಯಾಸಿಟರಿನ ಮೂಲಕ ಹಾಯಬೇಕಾದ್ದರಿಂದ, ನಿಯಂತ್ರಕ ಐದು ವೋಲ್ಟಿನಲ್ಲಿ ಸಿಕ್ಕಿಕೊಂಡರೂ ಸೊನ್ನೆಯಲ್ಲಿ ಸಿಕ್ಕಿಕೊಂಡರೂ ನಾಡಿ ನಿಲ್ಲುತ್ತದೆ, ರಿಲೇ ಬಿಡುತ್ತದೆ, ಪಂಪು ಮಧ್ಯಮ ವೇಗದಲ್ಲಿ ತನ್ನಷ್ಟಕ್ಕೆ ನಡೆಯುತ್ತಲೇ ಇರುತ್ತದೆ. ಯಜಮಾನ ಮೂರ್ಛೆ ಹೋದರೂ ಮನೆ ನಡೆಯುವಂಥ ಏರ್ಪಾಡಿದು.

ಮೂರನೆಯದು, ವಿದ್ಯುತ್ತು ಹೋಗುವ ಗಳಿಗೆ. ಮುಂಗಾರಿನ ಗಾಳಿಮಳೆಯಲ್ಲಿ ತಂತಿ ಹರಿದು ರಾತ್ರಿಯೆಲ್ಲ ಕತ್ತಲಾಗುವುದು ಎಲ್ಲಿಯೂ ಉಂಟು. ೧೨ ವೋಲ್ಟಿನ, ೭ ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಟ್ಟು ೧೬೮ ವ್ಯಾಟ್-ಗಂಟೆಯ ಶಕ್ತಿ. ಬ್ಯಾಟರಿಯ ಆಯುಸ್ಸಿನ ದೃಷ್ಟಿಯಿಂದ ಅದರಲ್ಲಿ ಅರ್ಧವನ್ನು ಬಳಸಬಹುದೆಂದಿಟ್ಟುಕೊಳ್ಳೋಣ. ೪೦ ವ್ಯಾಟಿನ ಎತ್ತುವ ಪಂಪು, ೨೦ ವ್ಯಾಟಿನ ಅಲೆಯ ಪಂಪು ಎರಡನ್ನೂ ಪೂರ್ಣ ವೇಗದಲ್ಲಿ ನಡೆಸಿದರೆ ಅದು ಒಂದೂವರೆ ಗಂಟೆಗೂ ಬಾರದು. ಎತ್ತುವ ಪಂಪನ್ನು ನಿಲ್ಲಿಸಿ, ಅಲೆಯ ಪಂಪೊಂದನ್ನೇ ಅರ್ಧ ವೇಗಕ್ಕೆ ಇಳಿಸಿದರೆ, ಎಲ್ಲ ಖರ್ಚು ಸೇರಿ ನಾಲ್ಕು ವ್ಯಾಟಿನ ಆಸುಪಾಸು. ಅದೇ ಬ್ಯಾಟರಿ ಇಪ್ಪತ್ತು ಗಂಟೆ ಬರುತ್ತದೆ. ಮೇಲ್ಮೈ ಮೆಲ್ಲಗೆ ಕದಡುತ್ತಿದ್ದರೆ ಮೀನಿನ ಉಸಿರು ಉಳಿಯುತ್ತದೆ.

ಮನೆಯವರೆಲ್ಲ ಮಲಗಿರುವಾಗ ಈ ತೀರ್ಮಾನವನ್ನು ಮಾಡಬೇಕಾದವನು ನಿಯಂತ್ರಕ. ವಿದ್ಯುತ್ತಿನ ಮೂಲದ ೨೪ ವೋಲ್ಟನ್ನು ೧೦ ಮತ್ತು ೨ ಕಿಲೋಓಮಿನ ಎರಡು ರೋಧಕಗಳಿಂದ ಹಂಚಿ ೪ ವೋಲ್ಟು ಮಾಡಿ ಅವನಿಗೆ ತೋರಿಸಿದರೆ ಸಾಕು. ಅವನ ಮಾಪಕದಲ್ಲಿ ೮೧೮ರ ಸುತ್ತ ಇರುವ ಅಂಕೆ ಸೊನ್ನೆಗೆ ಬಿದ್ದೊಡನೆ ಕರೆಂಟು ಹೋಯಿತೆಂದು ಅರ್ಥ.

ಪಂಪು ನಿಂತಾಗ ಮೇಲಿನ ತೊಟ್ಟಿಯ ನೀರು ಸ್ವಲ್ಪ ಕೆಳಕ್ಕೆ ಇಳಿಯುತ್ತದೆ. ಮೇಲೆ ಹೇಳಿದ ಅಳತೆಯ ತೊಟ್ಟಿಯಲ್ಲಿ ೩ ಸೆಂಟಿಮೀಟರ್ ಇಳಿದರೂ ೧೬ ಲೀಟರ್ ಆಯಿತು. ಕೆಳಗಿನ ತೊಟ್ಟಿಯಲ್ಲಿ ಅಷ್ಟು ಜಾಗ ಬಿಟ್ಟಿರದಿದ್ದರೆ ಅದು ನೆಲದ ಪಾಲು. ಉಪ್ಪುನೀರಿನ ಹನಿ ಒಣಗಿ ತಂತಿಯುದ್ದಕ್ಕೂ ಉಪ್ಪು ಹಬ್ಬುವುದೂ ಉಂಟು. ಆದ್ದರಿಂದ ನಿಯಂತ್ರಕದ ಪೆಟ್ಟಿಗೆ ತೊಟ್ಟಿಯಿಂದ ದೂರ, ಗೋಡೆಯ ಮೇಲೆ ಇರಲಿ. ತಂತಿಗಳು ಒಮ್ಮೆ ಕೆಳಕ್ಕೆ ಜೋತು ಮತ್ತೆ ಮೇಲೇರಿ ಪೆಟ್ಟಿಗೆಯನ್ನು ಸೇರಲಿ, ಹನಿ ಕೆಳಗೇ ತೊಟ್ಟಿಕ್ಕಲಿ. ಮನೆಯ ವಿದ್ಯುತ್ ಹಲಗೆಯಲ್ಲಿ ೩೦ ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚು ಇರಲೇಬೇಕು.

ಯಾರನ್ನು ತರಬೇಕು, ಯಾರನ್ನು ತರಬಾರದು

ಯಂತ್ರ ಸಿದ್ಧವಾಯಿತೆಂದು ಮೀನು ತರಲು ಅವಸರಪಡಬಾರದು. ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ನಿರಪಾಯಕರವಾಗಿ ಮಾರ್ಪಡಿಸುವ ಸೂಕ್ಷ್ಮಾಣುಗಳು ಶೋಧಕದಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆ ಕಾಲವನ್ನು ನಿಯಂತ್ರಕದ ಪರೀಕ್ಷೆಗೆ ಬಳಸಿಕೊಳ್ಳಬಹುದು. ಬೇಕೆಂದೇ ಮೇನ್ ಸ್ವಿಚ್ಚನ್ನು ಆರಿಸಿ ನೋಡಬೇಕು. ನಿಯಂತ್ರಕದ ಚಿಪ್ಪನ್ನು ಕಿತ್ತು ನೋಡಬೇಕು. ಆಗಲೂ ನೀರು ಚಲಿಸುತ್ತಿದ್ದರೆ ಮಾತ್ರ ಮೀನು ಬರಲಿ.

ಬರುವ ಅತಿಥಿಗಳ ವಿಷಯದಲ್ಲಿ ಕಾನೂನೂ ಇದೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವು ಅಲ್ಲಿಯೇ ಇರಬೇಕಾದವು. ಗಟ್ಟಿ ಹವಳ, ಕಡಲಬೀಸಣಿಗೆ, ಕಡಲಕುದುರೆಗಳು ೨೦೦೧ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯೊಡನೆ ಸೇರಿವೆ. ಅವನ್ನು ಕಡಲಿನಿಂದ ತೆಗೆದು ಮಾರುವುದು ಅಪರಾಧ. ಮನೆಯ ತೊಟ್ಟಿಗೆ ಮಣ್ಣಿನಿಂದ ಸುಟ್ಟು ಮಾಡಿದ ಬಂಡೆಗಳು ಸಾಕು. ಮೀನಿನಲ್ಲಿ ವಿದೂಷಕ ಮೀನು, 'ಕ್ಲೌನ್' ಎಂದು ಹೆಸರಾದ ಕಿತ್ತಳೆ ಬಣ್ಣದ, ಬಿಳಿಯ ಪಟ್ಟೆಯ ಪುಟ್ಟ ಜೀವಿ, ಹೊಸಬರಿಗೆ ಯೋಗ್ಯ. ಅದನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಾಧಿಸಿದ್ದಾರೆ. ಅಂಥ ಸಾಕಿದ ಮರಿಯನ್ನು ಕೊಂಡರೆ ಕಡಲಿಗೆ ನಷ್ಟವಿಲ್ಲ.

ಈ ಮೀನು ಸರಿಯಾದ ಪೋಷಣೆಯಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಅವನ್ನು ಕಾಯುವ ಹೊಣೆ ಗಂಡಿನದು. ಮರಿ ಒಡೆಯುವವರೆಗೆ ಅದು ಮೊಟ್ಟೆಗಳ ಬಳಿ ನಿಂತು, ಈಜುರೆಕ್ಕೆಗಳಿಂದ ನೀರನ್ನು ಬೀಸುತ್ತ, ಅವುಗಳಿಗೆ ಉಸಿರು ಮುಟ್ಟಿಸುತ್ತದೆ. ತನ್ನ ಮರಿಗಳಿಗಾಗಿ ಆ ಪುಟ್ಟ ತಂದೆ ವಹಿಸುವ ಎಚ್ಚರವನ್ನೇ, ಮನೆಗೆ ತಂದ ಮೀನಿಗಾಗಿ ಮನೆಯವರು ವಹಿಸಬೇಕು. ನಿಯಂತ್ರಕ ಆ ಎಚ್ಚರದ ಒಂದು ಸಾಧನ, ಎಚ್ಚರಕ್ಕೆ ಬದಲಿಯಲ್ಲ.